ಎಂಆರ್‌ಐ ನಾರ್ಮಲ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ

"ಎಂಆರ್‌ಐ ಮಾಡಿಸಿದ್ವಿ, ಏನೂ ಇಲ್ವಂತೆ!" ಈ ಮಾತು ಈಗ ಮನೆಮನೆಯಲ್ಲೂ ಕೇಳುತ್ತೆ. ಹೇಳುವವರಿಗೇನೋ ನಿರಾಳ. ಆದರೆ ಕಷ್ಟ ಪಡ್ತಿರೋರಿಗೆ ಅದೇ ಮಾತು ಎಷ್ಟು ಚುಚ್ಚುತ್ತೆ ಅನ್ನೋದನ್ನ ನಮ್ಮ ಅತ್ತಿಗೆಯ ಮುಖದಲ್ಲಿ ನೋಡಿದ್ದೀನಿ.

ನಡೆಯುವಾಗ ಅವರ ಬಲಗಾಲಿನ ಚಪ್ಪಲಿ ತಾನಾಗೇ ಜಾರಿಹೋಗುತ್ತಿತ್ತು. ಹೊಸ್ತಿಲು ದಾಟುವಾಗ ಎಡವುತ್ತಿದ್ದರು. ಪಾದದ ಮೇಲ್ಭಾಗವೆಲ್ಲ ಜೋಮು. ಸ್ಲಿಪ್ ಡಿಸ್ಕ್ ಇರಬಹುದೆಂದು ಸೊಂಟದ ಎಂಆರ್‌ಐ ಆಯಿತು. ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಏನಿಲ್ಲ ಅಂತ ರಿಪೋರ್ಟ್ ಬಂತು. ಅಲ್ಲಿಂದ ಶುರುವಾಯ್ತು ನೋಡಿ, "ಸುಮ್ನೆ ಟೆನ್ಷನ್ ಮಾಡ್ಕೋತೀಯ", "ವಾಕಿಂಗ್ ಮಾಡು, ಸರಿಹೋಗುತ್ತೆ" ಅನ್ನೋ ಉಪದೇಶ. ಮೂರು ತಿಂಗಳು ಹೀಗೇ ಕಳೆಯಿತು.

ಕೊನೆಗೆ ನೋಡಿದ ನರರೋಗ ತಜ್ಞರು ಫಿಲ್ಮ್ ಪಕ್ಕಕ್ಕಿಟ್ಟು ಮೊದಲು ಅತ್ತಿಗೆಯನ್ನ ನಡೆಸಿ ನೋಡಿದರು. "ಪಾದ ಮೇಲಕ್ಕೆತ್ತಿಮ್ಮಾ" ಅಂದ್ರು, ಏಳಲಿಲ್ಲ. "ಒಳಗಡೆ ತಿರುಗಿಸಿ" ಅಂದ್ರು, ಸಲೀಸಾಗಿ ತಿರುಗಿತು. ಸೊಂಟದಲ್ಲಿ ನರದ ಬೇರು ಒತ್ತಿಕೊಂಡಿದ್ದರೆ ಸಾಮಾನ್ಯವಾಗಿ ಇದಕ್ಕೂ ಶಕ್ತಿ ಇರೋದಿಲ್ವಂತೆ. ನರದಲ್ಲಿ ಕರೆಂಟ್ ಹರಿಸಿ ನೋಡುವ ನರ್ವ್ ಕಂಡಕ್ಷನ್ ಟೆಸ್ಟ್‌ನಲ್ಲಿ ಮೊಣಕಾಲಿನ ಹೊರಬದಿಯಲ್ಲೇ ಅಡ್ಡಿ ಕಾಣಿಸಿತು. ಆಮೇಲೆ ಅದೇ ಜಾಗದ ಎಂಆರ್‌ಐ. ಪೆರೋನಿಯಲ್ ಅನ್ನುವ ನರದೊಳಗೇ ನೀರು ತುಂಬಿದ ಗಂಟು! ಗ್ಯಾಂಗ್ಲಿಯಾನ್ ಸಿಸ್ಟ್ ಅಂತಾರೆ.

ಆಪರೇಷನ್ ಆಗಿ ಎಂಟು ತಿಂಗಳಾಯ್ತು, ಪಾದ ಇನ್ನೂ ಅರ್ಧ ಮಾತ್ರ ಏಳುತ್ತೆ. ಹಾಳಾದ ನರದ ಎಳೆ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೆ. ಅಷ್ಟರೊಳಗೆ ಸ್ನಾಯು ಸೊರಗಿದರೆ ಪೂರ್ತಿ ಶಕ್ತಿ ಬರುವುದು ಕಷ್ಟ. ಅದಕ್ಕೇ ನರದ ವಿಷಯದಲ್ಲಿ ಕಳೆದುಹೋದ ತಿಂಗಳುಗಳಿಗೆ ಬೆಲೆ ತೆರಬೇಕಾಗುತ್ತೆ.

ಬೀದಿ ಕಂಬದಲ್ಲಿ ಕರೆಂಟ್ ಇದ್ದೂ ಅಡುಗೆಮನೆ ಬಲ್ಬ್ ಉರಿಯದಿದ್ದರೆ ಕಂಬವನ್ನೇ ಎಷ್ಟು ಸಲ ನೋಡಿದರೇನು? ನಡುವಿನ ವೈರ್ ನೋಡಬೇಕಲ್ವಾ? ಸೊಂಟದಿಂದ ಹೊರಟ ನರ ಪಾದದವರೆಗೂ ಹೋಗುತ್ತೆ. ಸೊಂಟದ ಎಂಆರ್‌ಐ ತೋರಿಸೋದು ಅದರ ಆರಂಭವನ್ನು ಮಾತ್ರ. ಕೈಗೆ ಬರುವ ನರಗಳ ಕಥೆಯೂ ಅಷ್ಟೇ, ಕುತ್ತಿಗೆ ಚೆನ್ನಾಗಿದ್ದರೂ ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ನರ ಸಿಕ್ಕಿಕೊಂಡಿರಬಹುದು.

ನರಗಳನ್ನೇ ಎದ್ದು ಕಾಣುವಂತೆ ತೆಗೆಯುವ ಎಂಆರ್ ನ್ಯೂರೋಗ್ರಫಿ ಎಂಬ ವಿಧಾನದ ಬಗ್ಗೆ 1993ರಲ್ಲೇ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಲೇಖನ ಬಂದಿತ್ತು. ಇದರಲ್ಲಿ ಸುತ್ತಲಿನ ಕೊಬ್ಬನ್ನು ಮಂಕಾಗಿಸಿ ನೀರಿನಂಶ ಬೆಳ್ಳಗೆ ಕಾಣುವಂತೆ ಮಾಡ್ತಾರೆ. ಊದಿಕೊಂಡ ನರ ಬೆಳ್ಳಗೆ, ದಪ್ಪಗೆ ಕಾಣುತ್ತೆ. ನರದ ಸಂಪರ್ಕ ತಪ್ಪಿದ ಸ್ನಾಯುವೂ ಬಣ್ಣ ಬದಲಿಸಿ ಸುಳಿವು ಕೊಡುತ್ತೆ. ಎಕ್ಸ್‌ರೇ ಥರ ವಿಕಿರಣ ಇಲ್ಲ. ಆದರೆ ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ ಮೊದಲೇ ಹೇಳಲೇಬೇಕು.

ಹಾಗಂತ ಜೋಮು ಹಿಡಿದ ಎಲ್ಲರೂ ಎಂಆರ್‌ಐಗೆ ಓಡಬೇಕಿಲ್ಲ. ಮಣಿಕಟ್ಟಿನ ನರ ಒತ್ತಿಕೊಂಡಿದ್ದರೆ ಹೆಚ್ಚಿನವರಿಗೆ ವೈದ್ಯರ ಪರೀಕ್ಷೆ ಮತ್ತು ನರ್ವ್ ಕಂಡಕ್ಷನ್ ಸಾಕು. ಸಕ್ಕರೆ ಕಾಯಿಲೆಯಲ್ಲಿ ಅಂಗಾಲು ಉರಿಸುವ ನರದ ಎಳೆಗಳಂತೂ ಎಷ್ಟು ಸಣ್ಣವೆಂದರೆ ಎಂಆರ್‌ಐ ಕಣ್ಣಿಗೂ ಬೀಳೋದಿಲ್ಲ. ಆ ಉರಿ ಮಾತ್ರ ನಿಜ!

ಆದ್ದರಿಂದ ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ "ಎಂಆರ್‌ಐ ಬೇಕಾ?" ಅಂತಷ್ಟೇ ಕೇಳಬೇಡಿ. "ಯಾವ ನರ ಅಂತ ಅನುಮಾನ? ಯಾವ ಜಾಗ ನೋಡಬೇಕು?" ಅಂತಲೂ ಕೇಳಿ. ಪಾದ ಏಳದಿದ್ದರೆ, ಕೈಯಲ್ಲಿ ಹಿಡಿದ ಲೋಟ ಜಾರುತ್ತಿದ್ದರೆ ತಡ ಮಾಡಬೇಡಿ. ರಿಪೋರ್ಟ್‌ನಲ್ಲಿ ಏನಿಲ್ಲ ಅಂತ ಬಂದರೂ, ಮನೆಯಲ್ಲೊಬ್ಬರು "ನನಗೆ ಆಗ್ತಿಲ್ಲ" ಅಂದರೆ ಮೊದಲು ಅವರ ಮಾತು ನಂಬಿ.