ಯೂನಿಫಾರ್ಮ್ ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ

ನಾಲ್ಕು ಲಕ್ಷ ಬಾಳುವ ಸ್ವಿಫ್ಟ್ ಕಾರು ಆನ್‌ಲೈನ್‌ನಲ್ಲಿ ಒಂದೂವರೆ ಲಕ್ಷಕ್ಕಿದೆ ಅಂದರೆ ಯಾರಿಗೂ ಅನುಮಾನ ಬರುತ್ತೆ. ಆ ಅನುಮಾನ ಅಳಿಸೋಕೇ ಮಿಲಿಟರಿ ಯೂನಿಫಾರ್ಮ್ ಬರೋದು. "ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಕಡಿಮೆ ರೇಟು" ಅಂತ ವಾಟ್ಸಾಪ್‌ಗೆ ಐಡಿ ಕಾರ್ಡು, ಆಧಾರ್, ಕ್ಯಾಂಟೀನ್ ಕಾರ್ಡು ಎಲ್ಲ ಕಳಿಸ್ತಾರೆ. ನಮ್ಮೂರುಗಳಲ್ಲಿ ಸೈನಿಕ ಅಂದರೆ ಎದ್ದು ನಿಲ್ಲುತ್ತೇವಲ್ಲ, ಕಳ್ಳರ ಬಂಡವಾಳ ಅದೇ. ಆ ಕಾರ್ಡು ನಕಲಿ ಇರಬಹುದು, ಯಾವುದೋ ನಿಜವಾದ ಯೋಧನಿಂದ ಕದ್ದದ್ದೂ ಇರಬಹುದು.

ಕಾರು ತೋರಿಸಿ ಅನ್ನಿ. "ಕ್ಯಾಂಪಿನೊಳಗೆ ಬಿಡಲ್ಲ, ಆರ್ಮಿ ಗಾಡಿಯಲ್ಲೇ ಮನೆಗೆ ಬರುತ್ತೆ, ಡೆಲಿವರಿ ಚಾರ್ಜ್ ಹಾಕಿ" ಅಂತಾರೆ. ಆಮೇಲೆ ಇನ್ಶೂರೆನ್ಸು, ಜಿಎಸ್‌ಟಿ. ಪ್ರತಿ ಸಲವೂ "ಇದು ವಾಪಸ್ ಬರುತ್ತೆ". ಮಾರಿದ ಸ್ವಂತ ಕಾರನ್ನು ಮನೆಗೆ ಮುಟ್ಟಿಸೋದು ಸೇನೆಯ ಕೆಲಸವೇ ಅಲ್ಲ. ಹಣ ವಾಪಸ್ ಕೊಡ್ತೀವಿ ಅಂತ ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ಯುಪಿಐ ಪಿನ್ ಒತ್ತೋದು ಹಣ ಕೊಡೋಕೆ, ಪಡೆಯೋಕಲ್ಲ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಬೇರೆಯವರ ಕಾರಿನ ಫೋಟೋ ಕದ್ದಿದ್ದರೆ ವಿವರ ಸರಿಯಾಗೇ ಬರುತ್ತೆ. ಕಾರಿನ ಮುಂದೆ ನಿಂತು, ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡುವ ತನಕ ಒಂದು ರೂಪಾಯಿಯೂ ಬೇಡ.

ಮೋಸ ಹೋದವರನ್ನು "ದುರಾಸೆ" ಅಂತ ಆಡಿಕೊಳ್ಳೋದು ನನಗೆ ಸಿಟ್ಟು ತರಿಸುತ್ತೆ. ಬಾಡಿಗೆ ಓಡಿಸಿ ಬದುಕೋಣ ಅಂತ ಕಾರು ಹುಡುಕೋದು ದುರಾಸೆಯಾ? ಈ ಮಾತಿಗೆ ಹೆದರಿಯೇ ಜನ ಬಾಯಿ ಬಿಡಲ್ಲ. ಕೂಡಲೇ 1930ಕ್ಕೆ ಫೋನ್ ಮಾಡಿದರೆ ಕಳ್ಳರ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಇರುತ್ತೆ. ನಾಚಿಕೊಂಡು ಎರಡು ದಿನ ಕೂತರೆ ಅಷ್ಟರಲ್ಲಿ ಅದು ನಾಲ್ಕು ಖಾತೆ ದಾಟಿರುತ್ತೆ.