ಉಡುಪಿಯ ಸಂಜೆ: ಟಿಕೆಟ್‌ಗಿಂತ ದಾರಿಯೇ ದುಬಾರಿ

ಉಡುಪಿ: ಮಧ್ಯಮ ವರ್ಗದ ಕುಟುಂಬವೊಂದು ಕಡಿಮೆ ಖರ್ಚಿನಲ್ಲಿ ಸಂಜೆ ಕಳೆಯಲು ಉಡುಪಿ ಜಿಲ್ಲೆಯಲ್ಲಿ ತಾಣಗಳ ಕೊರತೆಯಿಲ್ಲ. ಮಲ್ಪೆಯ ತೀರದಲ್ಲಿ ಸೂರ್ಯಾಸ್ತ ನೋಡಲು ಹಣ ಬೇಕಿಲ್ಲ. ಮಣಿಪಾಲದ ಮಣ್ಣಪಳ್ಳ ಕೆರೆ, 1901ರಲ್ಲಿ ನಿರ್ಮಾಣಗೊಂಡ ಕಾಪು ದೀಪಸ್ತಂಭ, 1432ರಲ್ಲಿ ಪ್ರತಿಷ್ಠಾಪನೆಗೊಂಡ ಕಾರ್ಕಳದ 42 ಅಡಿಯ ಗೊಮ್ಮಟ ಎಲ್ಲವೂ ಜನಸಾಮಾನ್ಯರ ಕೈಗೆಟುಕುವಂಥವೇ. ಹರಕೆಯ ಬಯಲಾಟಕ್ಕಂತೂ ಟಿಕೆಟ್ಟೇ ಇಲ್ಲ.

ಹಾಗಾದರೆ ಖರ್ಚಾಗುವುದೆಲ್ಲಿ? ದಾರಿಯಲ್ಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್‌ಗಳಲ್ಲಿ ಉಚಿತ ಪ್ರಯಾಣ ಕಲ್ಪಿಸಿತು. ಆದರೆ ಕರಾವಳಿಯಲ್ಲಿ ಖಾಸಗಿ ಬಸ್‌ಗಳದ್ದೇ ಪ್ರಾಬಲ್ಯ. ಹೀಗಾಗಿ ಬೆಂಗಳೂರಿನ ಗೃಹಿಣಿಗೆ ದೊರೆತ ಸೌಲಭ್ಯ ಮಣಿಪಾಲದ ಗೃಹಿಣಿಗೆ ಅಷ್ಟಾಗಿ ದಕ್ಕಲಿಲ್ಲ. ಕತ್ತಲಾದ ಮೇಲೆ ಬಸ್ ತಪ್ಪಿತೆಂದರೆ ಆಟೋ ಬಾಡಿಗೆಯೇ ಮನೆಯ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತದೆ.

ಆಳುವವರ ಒಲವು ಮಾತ್ರ ಬೃಹತ್ ನಿರ್ಮಾಣಗಳತ್ತ. ಕಾರ್ಕಳ ತಾಲೂಕಿನ ಬೈಲೂರಿನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ಪರಶುರಾಮ ಥೀಮ್ ಪಾರ್ಕ್, ಮೂರ್ತಿ ಕಂಚಿನದ್ದೇ ಅಲ್ಲವೇ ಎಂಬ ವಿವಾದಕ್ಕೆ ಸಿಲುಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೂರ್ತಿಯ ಮೇಲ್ಭಾಗವನ್ನು ತೆಗೆಯಲಾಯಿತು. ಪಕ್ಷಗಳ ವಾಗ್ಯುದ್ಧದಲ್ಲಿ ಕಳೆದುಹೋದದ್ದು ಸಾರ್ವಜನಿಕರ ಒಂದು ಸಂಜೆಯ ತಾಣ.

ಹೊಸ ಪಾರ್ಕ್ ಕಟ್ಟುವ ಮುನ್ನ ಇರುವ ತಾಣಗಳಿಂದ ಜನ ನೆಮ್ಮದಿಯಾಗಿ ಮನೆಗೆ ಮರಳುವ ವ್ಯವಸ್ಥೆಯಾಗಲಿ. ಮಲ್ಪೆ, ಕಾಪು, ಕಾರ್ಕಳ ಮಾರ್ಗಗಳಲ್ಲಿ ರಾತ್ರಿಯ ಸರ್ಕಾರಿ ಬಸ್‌ಗಳು ಹೆಚ್ಚಿದರೆ, ಅದಕ್ಕಿಂತ ಅಗ್ಗದ ಮನರಂಜನಾ ಯೋಜನೆ ಬೇರೊಂದಿರಲಾರದು.