ಬೆಕ್ಕಿಗೆ ಮೊದಲ ತುತ್ತು, ಆಮೇಲೆ ಆರತಿ

ಹೋದ ವಾರ ನನ್ನ ಹುಟ್ಟುಹಬ್ಬ ಇತ್ತು. ಎಷ್ಟನೆಯದು ಅಂತ ಕೇಳಬೇಡಿ, ತಲೆಯ ಮೇಲೆ ಉಳಿದಿರೋ ಕೂದಲು ನೋಡಿದರೆ ಸುಮಾರಾಗಿ ಗೊತ್ತಾಗುತ್ತೆ :-) ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಫೋನು ಗುಂಯ್‌ಗುಡೋಕೆ ಶುರುವಾಯ್ತು. ಬ್ಯಾಂಕಿನವರು ಹಾರೈಸಿದರು, ವಿಮೆಯವರು ಹಾರೈಸಿದರು, ಯಾವತ್ತೋ ಒಮ್ಮೆ ಕನ್ನಡಕ ಕೊಂಡಿದ್ದ ಅಂಗಡಿಯವರೂ ಮರೆಯದೆ ಹಾರೈಸಿದರು. ಮಧ್ಯಾಹ್ನ ಆಫೀಸಿನಲ್ಲಿ ಕೇಕು. ಕತ್ತರಿಸಿದ್ದರಲ್ಲಿ ಅರ್ಧ ಬಾಯಿಗೆ, ಇನ್ನರ್ಧ ಮುಖಕ್ಕೆ. ಯಾರೋ ಒಂದು ದೊಡ್ಡ ಹೂಗುಚ್ಛ ಕೈಗಿಟ್ಟರು. ಸಂಜೆ ಕೆ.ಆರ್. ಪುರದಲ್ಲಿ ಮೆಟ್ರೋ ಇಳಿದು, ಆ ಹೂಗುಚ್ಛವನ್ನ ಮಗುವಿನ ಹಾಗೆ ಹೊತ್ತುಕೊಂಡು ಮನೆಗೆ ಬಂದೆ. ಬಾಗಿಲ ಮುಂದೆ ಚುಕ್ಕಿ ಕೂತಿತ್ತು. ಪಕ್ಕದಲ್ಲಿ ಅದರ ತಟ್ಟೆ, ಖಾಲಿ. ಬೆಳಗ್ಗೆ ಅವಸರದಲ್ಲಿ ಊಟ ಹಾಕೋದನ್ನೇ ಮರೆತು ಹೋಗಿದ್ದೆ.

ಅಮ್ಮ ಇದ್ದಿದ್ದರೆ ಅವತ್ತು ನನಗೂ ಊಟ ಸಿಗ್ತಿರಲಿಲ್ಲ!

ಚುಕ್ಕಿ ನಾವು ಸಾಕಿದ ಬೆಕ್ಕು ಅಂತ ಹೇಳೋ ಹಾಗಿಲ್ಲ. ಅದು ನಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸೋ ಜಾಗದಲ್ಲಿ ಹುಟ್ಟಿ, ಅಮ್ಮನನ್ನು ತನ್ನವಳು ಅಂತ ಆರಿಸಿಕೊಂಡ ಬೆಕ್ಕು. ಅಮ್ಮ ಹೋಗಿ ಎರಡು ವರ್ಷ ಆಯ್ತು. ಹೋದ ವರ್ಷ ಹುಟ್ಟುಹಬ್ಬ ಮಾಡಿಕೊಳ್ಳಲಿಲ್ಲ. ಈ ವರ್ಷ ಮಾಡಿಕೊಂಡೆ, ಆದರೆ ಅಮ್ಮ ಮಾಡ್ತಿದ್ದ ಮೊದಲ ಕೆಲಸವನ್ನೇ ಬಿಟ್ಟುಬಿಟ್ಟೆ. ಅವತ್ತಿಂದ ತಲೆಯಲ್ಲಿ ಕೊರೀತಿದೆ, ಅದಕ್ಕೇ ಬರೀತಿದ್ದೀನಿ.

ನಾನು ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ಹತ್ತಿರದ ಒಂದು ವಠಾರದಲ್ಲಿ. ಒಂದು ಮನೆಯಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ಎದುರು ಮನೆಯಲ್ಲಿ ಉರ್ದು, ನಡುವೆ ನಮ್ಮ ಗುಬ್ಬಿ ಕಡೆಯ ಕನ್ನಡ. ಆಗ ಹುಟ್ಟುಹಬ್ಬ ಅನ್ನೋದು ತಾರೀಖಿನ ಲೆಕ್ಕದಲ್ಲಿ ಬರ್ತಿರಲಿಲ್ಲ. ಅಮ್ಮ ಪಂಚಾಂಗ ನೋಡಿ, ಹುಟ್ಟಿದ ಮಾಸದಲ್ಲಿ ಜನ್ಮನಕ್ಷತ್ರ ಯಾವತ್ತು ಬರುತ್ತೋ ಅವತ್ತು ಅನ್ನೋರು. ಹಾಗಾಗಿ ಒಂದು ವರ್ಷ ಭಾನುವಾರ ಬಂದರೆ ಇನ್ನೊಂದು ವರ್ಷ ಪರೀಕ್ಷೆಯ ದಿನವೇ ಬರೋದು. ಎಣ್ಣೆಸ್ನಾನ, ಹೊಸ ಬಟ್ಟೆ, ದೇವಸ್ಥಾನ, ಅಂಗೈಯಲ್ಲಿ ಎಳ್ಳು ಬೆಲ್ಲ ಹಾಕಿದ ಹಾಲು, ಹಿರಿಯರಿಗೆ ನಮಸ್ಕಾರ, ಪಾಯಸ. ಅಷ್ಟೇ. ಅಪ್ಪನ ಪಾಡು ಇನ್ನೂ ಸ್ವಾರಸ್ಯ. ಅವರನ್ನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ಅವರ ಕಾಲದ ಅರ್ಧ ಕರ್ನಾಟಕ ಹುಟ್ಟಿದ್ದೇ ಜೂನ್ 1ಕ್ಕೆ! ಮೇ 31 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ ನಡೆಯೋದಕ್ಕೆ ಆ ಮೇಷ್ಟ್ರುಗಳೇ ಕಾರಣ. ಅಮ್ಮನಿಗಂತೂ ಆ ಸುಳ್ಳು ತಾರೀಖೂ ಇರಲಿಲ್ಲ. "ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿದ್ದಂತೆ" ಅನ್ನೋರು, ಅಷ್ಟರಲ್ಲಿ ಮುಗೀತು.

ಇಷ್ಟೆಲ್ಲದರ ಜೊತೆಗೆ ನಮ್ಮ ಮನೆಯಲ್ಲಿ ಒಂದು ಹೆಚ್ಚಿನ ಶಾಸ್ತ್ರ ಇತ್ತು. ನನಗೆ ಆರತಿ ಎತ್ತುವ ಮೊದಲು ಅಮ್ಮ ಒಂದು ಮುತ್ತುಗದ ಎಲೆಯಲ್ಲಿ ಮೊಸರನ್ನ ಕಲಸಿ ಹಿತ್ತಲ ಬಾಗಿಲಲ್ಲಿ ಇಟ್ಟು ಬೆಕ್ಕನ್ನ ಕರೆಯೋರು. ಬೆಕ್ಕು ಬಂದು ಬಾಯಿ ಹಾಕಿದ ಮೇಲೇ ನನಗೆ ಆರತಿ. ಕೆಲವು ಸಲ ಬೆಕ್ಕು ಅರ್ಧ ಗಂಟೆ ಬರ್ತಾನೇ ಇರಲಿಲ್ಲ. ಹೊಸ ಅಂಗಿ ಹಾಕ್ಕೊಂಡು ಮಣೆ ಮೇಲೆ ಕೂತು ನನಗೆ ಸಿಟ್ಟು ಬರೋದು. "ಹುಟ್ಟುಹಬ್ಬ ನಂದಾ, ಬೆಕ್ಕಿಂದಾ?" ಅಂತ ಒಂದು ಸಲ ಕೂಗಾಡಿದೆ.

"ಇಬ್ಬರದೂ ಕಣೋ" ಅಂದರು ಅಮ್ಮ. ಆಮೇಲೆ ಕಥೆ ಹೇಳಿದರು.

ನಾನು ಹುಟ್ಟಿದ್ದು ಅಜ್ಜಿಯ ಊರಲ್ಲಿ. ನಾನು ಹುಟ್ಟಿದ ರಾತ್ರಿಯೇ ಅದೇ ಕೋಣೆಯ ಮೂಲೆಯಲ್ಲಿ, ಹಳೇ ಸೀರೆಗಳ ಗಂಟಿನ ಮೇಲೆ ಮನೆಯ ಬೆಕ್ಕೂ ಮರಿ ಹಾಕಿತ್ತು. ಬೆಳಗ್ಗೆ ನೋಡಿದವರೆಲ್ಲ ಗಾಬರಿ. ಬಾಣಂತಿ ಕೋಣೆಯಲ್ಲಿ ಬೆಕ್ಕೇ? ಎತ್ತಿ ಹೊರಗೆ ಹಾಕಿ ಅಂದರು. ಹೊರಗೆ ಜಡಿಮಳೆ. ಅಮ್ಮ ಹಟ ಹಿಡಿದರಂತೆ, "ಅವಳೂ ಬಾಣಂತಿ. ಅವಳನ್ನ ಕಳಿಸೋದಾದರೆ ನನ್ನನ್ನೂ ಕಳಿಸಿ" ಅಂತ. ಕೊನೆಗೆ ಅಜ್ಜಿ ಒಪ್ಪಿ ಕೋಣೆಯ ಮಧ್ಯ ಒಂದು ಚಾಪೆ ಅಡ್ಡ ಕಟ್ಟಿಸಿದರು. ಈ ಕಡೆ ನಾವಿಬ್ಬರು, ಆ ಕಡೆ ಅವರು ಐದು ಜನ. "ರಾತ್ರಿ ಎಲ್ಲ ನೀನು ಅತ್ತು ಅತ್ತು ಸುಸ್ತಾಗ್ತಿದ್ದೆ. ನನಗೂ ಅಳು ಬರೋದು. ಚಾಪೆ ಆ ಕಡೆಯಿಂದ ಅದು ಗುರ್‌ಗುರ್ ಅಂತಿದ್ದರೆ ಎಷ್ಟೋ ಧೈರ್ಯ. ನನ್ನ ಥರಾನೇ ಇನ್ನೊಬ್ಬಳು ಎದ್ದಿದಾಳೆ ಅಂತ" ಅಂದರು. ಆ ಋಣಕ್ಕೆ ಪ್ರತಿ ವರ್ಷ ಒಂದು ಎಲೆ ಮೊಸರನ್ನ. ಆ ಬೆಕ್ಕಿಗೆ ಕೊಡೋಕಾಗಲ್ಲ, ಸಿಕ್ಕಿದ ಬೆಕ್ಕಿಗೆ.

ಇದು ಅಮ್ಮ ತಾವೇ ಕಟ್ಟಿಕೊಂಡ ಶಾಸ್ತ್ರ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಧರ್ಮಸಿಂಧುವಿನಲ್ಲಿ ಹೇಳಿರುವ ವರ್ಧಂತಿ ವಿಧಿಯಲ್ಲಿ ಮಾರ್ಕಂಡೇಯ ಮತ್ತು ಚಿರಂಜೀವಿಗಳ ಜೊತೆ ಷಷ್ಠೀದೇವಿಗೂ ಪೂಜೆ ಇದೆ. ಮಕ್ಕಳನ್ನು ಕಾಯುವ ದೇವತೆ ಅವಳು. ಮಗು ಹುಟ್ಟಿದ ಆರನೇ ದಿನದ ಪೂಜೆ ಅವಳದೇ. ಅವಳಿಗೆ ಹೇಳಿರುವ ನೈವೇದ್ಯ ಏನು ಗೊತ್ತಾ? ಮೊಸರನ್ನ! ಅವಳ ವಾಹನ ಏನು ಗೊತ್ತಾ? ಬೆಕ್ಕು! ಬೆಕ್ಕು ಅಡ್ಡ ಬಂದರೆ ಮೂರು ಹೆಜ್ಜೆ ಹಿಂದೆ ಹೋಗೋ ನಾವು, ನಮ್ಮನ್ನ ತೊಟ್ಟಿಲಲ್ಲಿ ಕಾದವಳು ಅದರ ಮೇಲೇ ಕೂತು ಬಂದವಳು ಅನ್ನೋದನ್ನ ಮರೆತೇಬಿಟ್ಟಿದ್ದೀವಿ. ಅಮ್ಮನಿಗೆ ಇದನ್ನ ಹೇಳಿದಾಗ "ಹೌದಾ? ಒಳ್ಳೇದಾಯ್ತು" ಅಂತ ಹೇಳಿ ಹುರಳೀಕಾಯಿ ಸೋಸೋಕೆ ಹೋದರು.

ಹಲಸೂರಿನಲ್ಲಿದ್ದಾಗ ಪರಿಚಯವಾದ ಬಂಗಾಳಿ ಅಜ್ಜಿಯೊಬ್ಬರು ಅವರ ಕಡೆಯ ಷಷ್ಠಿ ಕಥೆ ಹೇಳಿದ್ದರು. ಮನೆಯ ಕಿರಿ ಸೊಸೆ ಕದ್ದು ತಿಂದು, ಪ್ರತಿ ಸಲವೂ ಕರಿ ಬೆಕ್ಕಿನ ಮೇಲೆ ತಪ್ಪು ಹಾಕ್ತಾಳೆ. ಬೆಕ್ಕು ತನ್ನ ಒಡತಿ ಷಷ್ಠಿಗೆ ದೂರು ಕೊಡುತ್ತೆ. ಸೊಸೆಗೆ ಹುಟ್ಟಿದ ಮಕ್ಕಳು ಕಾಣೆಯಾಗುತ್ತವೆ. ಕೊನೆಗೆ ಅವಳು ಬೆಕ್ಕಿನ ಕ್ಷಮೆ ಕೇಳಿದ ಮೇಲೇ ಮಕ್ಕಳು ವಾಪಸ್ ಬರೋದು. ನಮ್ಮಲ್ಲೂ ಹಾಲು ಕಡಿಮೆಯಾದರೆ ಮೊದಲು ಬೈಸಿಕೊಳ್ಳೋದು ಬೆಕ್ಕೇ ತಾನೆ?

ಈಗ ನನ್ನ ವಾದಕ್ಕೆ ಬರ್ತೀನಿ. ಹುಟ್ಟುಹಬ್ಬ ಅನ್ನೋದು ಮೂಲತಃ ತೆಗೆದುಕೊಳ್ಳೋ ದಿನ ಅಲ್ಲ, ಕೃತಜ್ಞತೆ ಹೇಳೋ ದಿನ. ಹುಟ್ಟೋದರಲ್ಲಿ ನಮ್ಮ ಸಾಧನೆ ಏನೂ ಇಲ್ಲವಲ್ಲ! ನೋವು ತಿಂದವಳು ಇನ್ನೊಬ್ಬಳು, ನೀರು ಕಾಯಿಸಿದವರು ಇನ್ನೊಬ್ಬರು. ಕಂಟೋನ್ಮೆಂಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಹುಟ್ಟುಹಬ್ಬ ನೋಡಬೇಕು ಅಂದರೆ ಸೆಪ್ಟೆಂಬರ್ 8ಕ್ಕೆ ಶಿವಾಜಿನಗರಕ್ಕೆ ಹೋಗಿ. ಸೇಂಟ್ ಮೇರಿ ಬೆಸಿಲಿಕಾದಲ್ಲಿ ಅವತ್ತು ಮೇರಿಮಾತೆ ಹುಟ್ಟಿದ ದಿನ. ಆಗಸ್ಟ್ 29ಕ್ಕೆ ಬಾವುಟ ಏರಿಸಿ ಒಂಬತ್ತು ದಿನದ ಪ್ರಾರ್ಥನೆ, ಕೊನೆಗೆ ತೇರು. ಕಾವಿ ಬಟ್ಟೆ ತೊಟ್ಟು ಬರೋ ಜನ, ಮೇಣದ ಬತ್ತಿ ಹಿಡಿದ ಬೇರೆ ಧರ್ಮದ ಜನ. ಅಲ್ಲಿ ಬರೋರಲ್ಲಿ ಬಹಳ ಮಂದಿ ಏನೋ ಕೇಳೋಕೆ ಬಂದವರಲ್ಲ, ಹಿಂದೆ ಕೇಳಿದ್ದು ಸಿಕ್ಕಿತು ಅಂತ ಹೇಳಿಹೋಗೋಕೆ ಬಂದವರು. ಹುಟ್ಟುಹಬ್ಬ ಅಂದರೆ ಇದು ಅನ್ನಿಸುತ್ತೆ ನನಗೆ.

"ಸರಿ, ಆದರೆ ಬೆಕ್ಕಿಗ್ಯಾಕೆ? ನಾಯಿಗಾದರೂ ನಿಯತ್ತಿದೆ, ಬೆಕ್ಕಿಗೆ ಉಪಕಾರ ಸ್ಮರಣೆಯೇ ಇಲ್ಲ" ಅಂತೀರಾ? ಎಲ್ಲರೂ ಅನ್ನೋದು ಇದನ್ನೇ. ನಾನೂ ಒಪ್ಪಿಕೊಳ್ತೀನಿ, ಚುಕ್ಕಿ ನನಗೆ ಒಂದು ದಿನವೂ ಬಾಲ ಅಲ್ಲಾಡಿಸಿಲ್ಲ. ಆದರೆ ಕೃತಜ್ಞತೆ ಅನ್ನೋದು ನಾವು ಇನ್ನೊಬ್ಬರಿಂದ ವಸೂಲಿ ಮಾಡೋ ಸಾಲವಾ? ಅದು ನಮ್ಮಲ್ಲಿ ಇರಬೇಕಾದ ಗುಣ. ಅಜ್ಜಿ ಮನೆಯ ಆ ಬೆಕ್ಕು ಅಮ್ಮನಿಗೆ ಉಪಕಾರ ಮಾಡಬೇಕು ಅಂತ ಗುರ್‌ಗುಟ್ಟಲಿಲ್ಲ. ತನ್ನ ಮರಿಗಳಿಗೆ ಹಾಲು ಕೊಡ್ತಾ ಗುರ್‌ಗುಟ್ಟಿತು. ಆದರೂ ಅಮ್ಮ ಜೀವನಪೂರ್ತಿ ಅದನ್ನ ನೆನಪಿಟ್ಟುಕೊಂಡರು.

ಇನ್ನೊಂದು ವಿಷಯ ಹೇಳದೆ ಹೋದರೆ ನಾನು ದೊಡ್ಡ ಬೆಕ್ಕುಪ್ರೇಮಿ ಅಂತ ಸುಳ್ಳು ಹೇಳಿದಂತಾಗುತ್ತೆ. 1989ರಲ್ಲಿ ನಮ್ಮ ವಠಾರದ ಬೆಕ್ಕು ವರ್ಷದಲ್ಲಿ ಮೂರನೇ ಸಲ ಮರಿ ಹಾಕಿತು. ಮನೆ ಮಾಲೀಕರು ಗಲಾಟೆ ಮಾಡಿದರು. ಅಪ್ಪ ಮೂರು ಮರಿಗಳನ್ನ ಬಟ್ಟೆ ಚೀಲಕ್ಕೆ ಹಾಕಿಕೊಂಡು ನನ್ನನ್ನೂ ಕರಕೊಂಡು ರಸೆಲ್ ಮಾರ್ಕೆಟ್ಟಿಗೆ ಹೊರಟರು. ಅಲ್ಲಿ ಮೀನಂಗಡಿ ಇವೆ, ಹೊಟ್ಟೆಗೆ ಸಿಗುತ್ತೆ ಅನ್ನೋ ಸಮಾಧಾನ. ಚೀಲ ಕೆಳಗಿಡುವಾಗ ಒಬ್ಬ ಮಾಂಸದಂಗಡಿಯವರು ನೋಡಿದರು. ಬೈಯಲಿಲ್ಲ. "ಇವಕ್ಕೂ ತಾಯಿ ಇದಾಳಲ್ಲ ಸ್ವಾಮಿ" ಅಂತ ಮಾತ್ರ ಅಂದು ಚೀಲವನ್ನ ತಮ್ಮ ಅಂಗಡಿಯ ಹಲಗೆ ಕೆಳಗೆ ಎಳೆದುಕೊಂಡರು. ಪೈಗಂಬರರ ಸಂಗಡಿಗರಲ್ಲಿ ಒಬ್ಬರಿಗೆ ಅಬೂ ಹುರೈರಾ, ಅಂದರೆ ಬೆಕ್ಕಿನ ಮರಿಯ ತಂದೆ ಅಂತಲೇ ಹೆಸರಿತ್ತು ಅಂತ ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಮ್ಮ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ತಾಯಿ ಬೆಕ್ಕು ನಾಲ್ಕು ರಾತ್ರಿ ಕೂಗಿತು. ಆ ವರ್ಷದ ಮೊಸರನ್ನವನ್ನ ಅದು ಮೂಸಿ ನೋಡಿ ಹೋಗಿಬಿಟ್ಟಿತು, ತಿನ್ನಲಿಲ್ಲ. ನನಗೆ ಆರತಿ ಎತ್ತುವಾಗ ಅಮ್ಮನ ಕಣ್ಣು ತುಂಬಿತ್ತು.

ಈಗ ಯೋಚಿಸಿದರೆ, ತಪ್ಪು ಚೀಲದಲ್ಲಿ ಹಾಕಿಕೊಂಡು ಹೋದದ್ದರಲ್ಲಿ ಮಾತ್ರ ಇರಲಿಲ್ಲ. ಊಟ ಹಾಕಿ ಅಲ್ಲಿಗೆ ಕೈತೊಳೆದುಕೊಂಡದ್ದರಲ್ಲೂ ಇತ್ತು. ಬೆಕ್ಕಿನ ಗರ್ಭ ಸುಮಾರು ಎರಡು ತಿಂಗಳಷ್ಟೇ. ನಾಲ್ಕು ಮರಿ ಹುಟ್ಟಿದರೆ ನಮ್ಮ ಗಲ್ಲಿಯಲ್ಲಿ ಉಳೀತಿದ್ದದ್ದು ಒಂದೋ ಎರಡೋ. ಉಳಿದವು ಆಟೋ ಚಕ್ರಕ್ಕೆ, ಇಲ್ಲಾ ರೋಗಕ್ಕೆ. ಸಂತಾನಹರಣ ಚಿಕಿತ್ಸೆ ಅಂದರೆ ಆಗ ನಮಗೆ ಗೊತ್ತೇ ಇರಲಿಲ್ಲ. ಇವತ್ತು ಗೊತ್ತಿಲ್ಲ ಅನ್ನೋ ಹಾಗಿಲ್ಲ. ಐದಾರು ತಿಂಗಳಾದರೆ ಸಾಕು, ಮಾಡಿಸಬಹುದು. ಬೀದಿ ಬೆಕ್ಕಾದರೆ ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸಿರ್ತಾರೆ. ಚುಕ್ಕಿಗೆ ಅಮ್ಮನೇ ಮುಂದೆ ನಿಂತು ಮಾಡಿಸಿದರು. ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅದರ ಹತ್ತಿರ ಕ್ಷಮೆ ಕೇಳ್ತಿದ್ದರು.

ವಯಸ್ಸಾಯ್ತು, ನಮ್ಮ ಕೈಲೇನಾಗುತ್ತೆ ಅನ್ನೋರಿಗೆ ಕ್ರಿಸ್ಟಲ್ ರೋಜರ್ಸ್ ಅವರ ಹೆಸರು ಹೇಳ್ತೀನಿ. 1906ರಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು. ದೆಹಲಿಯಲ್ಲಿ, ಆಮೇಲೆ ಜೈಪುರದಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಶುರು ಮಾಡಿದರು. ಎಂಬತ್ತರ ನಂತರದ ಹುಟ್ಟುಹಬ್ಬಗಳನ್ನ ಹೀಗೂ ಕಳೆಯಬಹುದು.

ನನ್ನ ಸಲಹೆ ಇಷ್ಟೇ. ಮುಂದಿನ ಹುಟ್ಟುಹಬ್ಬಕ್ಕೆ ಕೇಕಿನ ದುಡ್ಡಲ್ಲಿ ನಿಮ್ಮ ಬೀದಿಯ ಒಂದು ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಮನೆಯಲ್ಲಿ ಬೆಕ್ಕಿದ್ದರೆ ಹೂಗುಚ್ಛದಲ್ಲಿ ಲಿಲ್ಲಿ ಹೂ ಇದೆಯಾ ನೋಡಿ, ಅದರ ಎಸಳು, ಪರಾಗ ಸ್ವಲ್ಪ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತೆ. ಉಡುಗೊರೆಗೆ ಕಟ್ಟಿದ ರಿಬ್ಬನ್ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತೆ. ಚಾಕೊಲೇಟ್ ಕೇಕು ವಿಷ. ಬಟ್ಟಲು ಹಾಲೂ ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗಲ್ಲ. ಒಗ್ಗರಣೆ, ಈರುಳ್ಳಿ ಇಲ್ಲದ ಮೊಸರನ್ನ ಒಂದು ಚಮಚ ಶಾಸ್ತ್ರಕ್ಕೆ ಸಾಕು, ಹೊಟ್ಟೆಗೆ ಅದಕ್ಕೆ ಮೀನು ಮಾಂಸವೇ ಬೇಕು.

ಅವತ್ತು ನನ್ನ ಹೂಗುಚ್ಛದಲ್ಲೂ ಲಿಲ್ಲಿ ಇತ್ತು. ಅದನ್ನ ಕೆಳಗೆ ಕಾವಲಿನವರ ಮೇಜಿನ ಮೇಲಿಡೋಣ ಅಂತ ಹೊರಟವನು, ಚುಕ್ಕಿ ಅಲ್ಲಿಯೇ ಮಲಗೋದು ನೆನಪಾಗಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ ಬಂದೆ. ಅನ್ನ ಮಾಡಿ, ಆರಿಸಿ, ಮೊಸರು ಕಲಸಿದೆ. ಮುತ್ತುಗದ ಎಲೆ ಎಲ್ಲಿ ತರೋದು, ತಟ್ಟೆಯಲ್ಲೇ ಇಟ್ಟೆ. ಚುಕ್ಕಿ ಮೂಸಿತು. ನನ್ನ ಮುಖ ನೋಡಿತು. 1989 ನೆನಪಾಗಿ ನನಗೆ ಎದೆ ಧಸಕ್ಕಂತು. ಆಮೇಲೆ ಎರಡು ಅಗುಳು ನೆಕ್ಕಿ, "ಮೀನೆಲ್ಲಿ?" ಅನ್ನೋ ಹಾಗೆ ಮಿಯಾಂವ್ ಅಂತು. ಮೀನು ಹಾಕಿದೆ. ನನಗೆ ಆರತಿ ಎತ್ತೋಕೆ ಯಾರೂ ಇರಲಿಲ್ಲ, ಅಮ್ಮನ ಫೋಟೋ ಮುಂದೆ ನಾನೇ ದೀಪ ಹಚ್ಚಿದೆ.

ನಿಮ್ಮ ಮನೆಯಲ್ಲೂ ಹುಟ್ಟುಹಬ್ಬಕ್ಕೆ ಇಂಥ ಯಾವುದಾದರೂ ಶಾಸ್ತ್ರ ಇತ್ತಾ? ಅಮ್ಮನನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ ನೋಡಿ. ಯಾಕೆ ಮಾಡ್ತಿದ್ದರು ಅಂತಲೂ ಕೇಳಿ, ಅವರು ಇರುವಾಗಲೇ.